ಹಾಸಿಗೆ ಇದ್ದಷ್ಟೇ ಕಾಲು ಚಾಚಿ, ಸುಖವಾಗಿ ನಿದ್ದೆ ಮಾಡುವುದು ಹೇಗೆ?

ಸಂಬಳ ಏರಿದೆ, ತಿಂಗಳ ಕೊನೆ ಮಾತ್ರ ಬದಲಾಗಿಲ್ಲ. ಮೊದಲು 25ನೇ ತಾರೀಖಿಗೆ ಖಾತೆ ಬರಿದಾಗುತ್ತಿತ್ತು, ಈಗಲೂ 25ಕ್ಕೇ ಬರಿದಾಗುತ್ತದೆ. ದುಡ್ಡು ಎಲ್ಲಿ ಹೋಯಿತು ಎಂದು ಕೂತು ನೆನಪಿಸಿಕೊಂಡರೆ ದೊಡ್ಡದೇನೂ ಹೊಳೆಯುವುದಿಲ್ಲ. ಒಂದು ಕಂತು, ಎರಡು ಮೂರು ಚಂದಾ, ಮೊಬೈಲಿಗೆ ಬೆರಳು ತಾಗಿಸಿ ಕೊಟ್ಟ ಹತ್ತಾರು ಚಿಲ್ಲರೆ ಮೊತ್ತ, ಅಷ್ಟೇ. ಇನ್ನೂ ವಿಚಿತ್ರವೆಂದರೆ, ಇಷ್ಟೆಲ್ಲ ಖರ್ಚಾದ ಮೇಲೂ ‘ಈ ತಿಂಗಳು ಚೆನ್ನಾಗಿ ಕಳೆಯಿತು’ ಅನ್ನಿಸುವುದಿಲ್ಲ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಹಾಸಿಗೆಯ ಉದ್ದವನ್ನು ಅಳೆಯುವುದು ಹೇಗೆ, ಕಾಲು ಮಡಿಸಿ ಮಲಗಿದವನಿಗೆ ನಿದ್ದೆ ಬರುವುದು ಹೇಗೆ ಎಂಬುದನ್ನು ಗಾದೆ ನಮಗೇ ಬಿಟ್ಟಿದೆ. ಮೊದಲನೆಯದಕ್ಕೆ ಸರಳ ಲೆಕ್ಕ ಸಾಕು. ಎರಡನೆಯದಕ್ಕೆ ನಮ್ಮ ಮನಸ್ಸು ಖರ್ಚನ್ನೂ ಸುಖವನ್ನೂ ಹೇಗೆ ಅನುಭವಿಸುತ್ತದೆ ಎಂದು ತಿಳಿಯಬೇಕಾಗುತ್ತದೆ.

ಹಾಸಿಗೆಯ ಉದ್ದ ಎಷ್ಟು?

ವರಮಾನ ಎಂದರೆ ತೆರಿಗೆ, ಕಡಿತಗಳೆಲ್ಲ ಕಳೆದು ಕೈಗೆ ಬರುವ ಮೊತ್ತ. ನೇಮಕಾತಿ ಪತ್ರದಲ್ಲಿರುವ ದೊಡ್ಡ ಸಂಖ್ಯೆಯನ್ನು ಹಿಡಿದು ಯೋಜನೆ ಹಾಕಿದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ಕ್ರೆಡಿಟ್ ಕಾರ್ಡಿನ ಮಿತಿಯನ್ನಂತೂ ವರಮಾನಕ್ಕೆ ಸೇರಿಸಲೇಬಾರದು. ಅದು ಪಕ್ಕದವರಿಂದ ತಂದ ಹಾಸಿಗೆ. ಬೆಳಗಾದರೆ ವಾಪಸ್ ಕೊಡಬೇಕು, ಬಾಡಿಗೆಯನ್ನೂ ಸೇರಿಸಿ.

ತಿಂಗಳಿಗೊಂದು ರೀತಿ ಗಳಿಸುವವರು, ಅಂದರೆ ಸ್ವಂತ ಕಸುಬಿನವರು, ಬಿಡಿ ಕೆಲಸ ಹಿಡಿಯುವವರು, ಸರಾಸರಿಯನ್ನು ನಂಬುವುದು ಅಪಾಯ. ಕಳೆದ 12 ತಿಂಗಳಲ್ಲಿ ತೀರಾ ಕಡಿಮೆ ಬಂದ ತಿಂಗಳು ಯಾವುದೋ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಒಳ್ಳೆಯ ತಿಂಗಳ ಹೆಚ್ಚುವರಿಯನ್ನು ಬಡ ತಿಂಗಳಿಗೆ ದಾಟಿಸುವುದು ಅವರಿಗೆ ಹೊಂದುವ ಕ್ರಮ.

ಖರ್ಚಿನ ಬದಿಯಲ್ಲಿ ಮೂರು ಬಗೆ. ಬಾಡಿಗೆ, ಕಂತಿನಂಥ ನಿಗದಿತ ಖರ್ಚು. ದಿನಸಿ, ಓಡಾಟದಂಥ ಏರಿಳಿಯುವ ಖರ್ಚು. ಈ ಎರಡನ್ನು ಯಾರೂ ಮರೆಯುವುದಿಲ್ಲ. ಲೆಕ್ಕವನ್ನು ಕೆಡಿಸುವುದು ಮೂರನೆಯದು, ಆಗೊಮ್ಮೆ ಈಗೊಮ್ಮೆ ಬರುವ ಖರ್ಚು: ವಿಮೆಯ ವಾರ್ಷಿಕ ಕಂತು, ಮಕ್ಕಳ ಶುಲ್ಕ, ಗಾಡಿ ರಿಪೇರಿ, ಹತ್ತಿರದವರ ಮದುವೆ. ಇವು ಬಂದಾಗಲೆಲ್ಲ ‘ಈ ತಿಂಗಳು ಏನೋ ಅಪರೂಪಕ್ಕೆ ಬಂತು’ ಎನ್ನುತ್ತೇವೆ. ವರ್ಷದಲ್ಲಿ ಎಂಟು ತಿಂಗಳು ಅಪರೂಪವಾದರೆ ಅದಕ್ಕೆ ಅಪರೂಪ ಎನ್ನುವುದು ಹೇಗೆ? ವರ್ಷದ ಇಂಥ ಖರ್ಚುಗಳನ್ನೆಲ್ಲ ಕೂಡಿಸಿ 12ರಿಂದ ಭಾಗಿಸಿ, ಬಂದ ಮೊತ್ತವನ್ನು ಪ್ರತಿ ತಿಂಗಳು ಬಾಡಿಗೆಯಂತೆಯೇ ತೆಗೆದಿಡುವುದು ಇದಕ್ಕಿರುವ ಮದ್ದು. ಅಷ್ಟು ಮಾಡಿದ ಮೇಲೆ ಉಳಿಯುವುದೇ ಹಾಸಿಗೆಯ ನಿಜವಾದ ಉದ್ದ.

100ರ ಲೆಕ್ಕ

ನಾಣ್ಯ ಯಾವುದಾದರೂ ಇರಲಿ, ತಿಂಗಳಿಗೆ ಕೈಗೆ ಬರುವುದನ್ನು 100 ಎಂದುಕೊಳ್ಳೋಣ. ಒಂದು ಮನೆ 95 ಖರ್ಚು ಮಾಡಿ 5 ಉಳಿಸುತ್ತದೆ. ನಾಳೆ ವರಮಾನ ನಿಂತುಹೋದರೆ ಒಂದು ತಿಂಗಳು ತಳ್ಳಲು ಅವರಿಗೆ 95 ಬೇಕು. ತಿಂಗಳಿಗೆ 5ರಂತೆ ಅದನ್ನು ಕೂಡಿಡಲು 19 ತಿಂಗಳು ಹಿಡಿಯುತ್ತದೆ. ಅದೇ ಮನೆ 80 ಖರ್ಚು ಮಾಡಿ 20 ಉಳಿಸಿದರೆ? ಒಂದು ತಿಂಗಳ ಖರ್ಚು 80, ಕೂಡಿಡಲು 4 ತಿಂಗಳು ಸಾಕು.

ಉಳಿತಾಯ 4 ಪಟ್ಟಾದರೆ ನೆಮ್ಮದಿ 5 ಪಟ್ಟಿಗೆ ಹತ್ತಿರ ಬಂದದ್ದು ಹೇಗೆ? ಖರ್ಚು ತಗ್ಗಿದಾಗ ಕೂಡಿಡುವ ಮೊತ್ತ ಹೆಚ್ಚುತ್ತದೆ, ಜೊತೆಗೆ ಬೇಕಾಗುವ ಮೊತ್ತವೂ ಇಳಿಯುತ್ತದೆ. ಕತ್ತರಿಯಂತೆ ಎರಡು ಬದಿಯಿಂದಲೂ ಕೆಲಸ ಮಾಡುತ್ತದೆ. ಖರ್ಚು 95ರಲ್ಲೇ ಇದ್ದು ವರಮಾನ 115ಕ್ಕೆ ಏರಿದರೂ 20 ಉಳಿಯುತ್ತದೆ, ಆದರೆ ಆಗ 95 ಕೂಡಿಡಲು ನಾಲ್ಕೂಮುಕ್ಕಾಲು ತಿಂಗಳು ಬೇಕು. ತುರ್ತಿಗೆಂದು ಮೂರರಿಂದ ಆರು ತಿಂಗಳ ಅಗತ್ಯ ಖರ್ಚನ್ನು ಪಕ್ಕಕ್ಕಿಡಿ ಎಂಬ ರೂಢಿಯ ಮಾತಿದೆಯಲ್ಲ, ಆರು ತಿಂಗಳ ಆ ಗಂಟಿಗೆ ಮೊದಲ ಮನೆಗೆ ಒಂಬತ್ತೂವರೆ ವರ್ಷ ಬೇಕು, ಎರಡನೆಯ ಮನೆಗೆ ಎರಡು ವರ್ಷ.

ಇನ್ನೊಂದು ಲೆಕ್ಕ ಹೆಚ್ಚು ಕಹಿ. 95 ಖರ್ಚು ಮಾಡುತ್ತಿದ್ದ ಮನೆಯ ವರಮಾನ 120 ಆಯಿತು. ಖುಷಿಯಲ್ಲಿ ದೊಡ್ಡ ಮನೆ, ಹೊಸ ಗಾಡಿ, ಖರ್ಚು 118ಕ್ಕೆ ಏರಿತು. ಈಗ ಉಳಿಯುವುದು 2. ಒಂದು ತಿಂಗಳ ಖರ್ಚನ್ನು ಕೂಡಿಡಲು 59 ತಿಂಗಳು. ಸಂಬಳ ಏರಿದ ಮೇಲೆ ಆ ಮನೆ ಮೂರು ಪಟ್ಟು ಹಿಂದೆ ಬಿದ್ದಿದೆ, ನೆಂಟರಿಷ್ಟರ ಕಣ್ಣಿಗೆ ಮಾತ್ರ ಮುಂದೆ ಬಂದಿದೆ. ಏರಿಕೆಯ 20ರಲ್ಲಿ ಅರ್ಧವನ್ನು ಮಾತ್ರ ಖರ್ಚಿಗೆ ಬಿಟ್ಟಿದ್ದರೆ ಬದುಕೂ ಸುಧಾರಿಸುತ್ತಿತ್ತು, ಆ 59 ತಿಂಗಳು 7ಕ್ಕೆ ಇಳಿಯುತ್ತಿತ್ತು.

ಏರಿದ ಖರ್ಚು ಇಳಿಯುವುದಿಲ್ಲ ಯಾಕೆ?

ಬ್ರಿಟನ್ನಿನ ಲೇಖಕ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1960ರಲ್ಲಿ ಇದನ್ನು ಒಂದು ನಿಯಮವಾಗಿಯೇ ಹೇಳಿದ: ವರಮಾನ ಎಷ್ಟಿದೆಯೋ ಅಷ್ಟರವರೆಗೆ ಖರ್ಚು ಬೆಳೆಯುತ್ತದೆ. ಆತ ಹೇಳಿದ್ದು ಅರ್ಧ ತಮಾಷೆಗೆ. ಅವನಿಗಿಂತ ಮೊದಲೇ, 1949ರಲ್ಲಿ, ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಡ್ಯೂಸೆನ್‌ಬೆರಿ ಇದನ್ನೇ ಗಂಭೀರವಾಗಿ ವಿವರಿಸಿದ್ದ. ಜನ ತಮ್ಮ ಖರ್ಚನ್ನು ಸುತ್ತಲಿನವರ ಖರ್ಚಿಗೆ ಹೋಲಿಸಿ ನಿರ್ಧರಿಸುತ್ತಾರೆ, ಒಮ್ಮೆ ಏರಿದ ಜೀವನಮಟ್ಟವನ್ನು ವರಮಾನ ಬಿದ್ದರೂ ಸುಲಭಕ್ಕೆ ಇಳಿಸುವುದಿಲ್ಲ ಎಂಬುದು ಅವನ ವಾದ. ವೈರುಗಳನ್ನು ಕಟ್ಟುವ ಹಲ್ಲಿನ ಪ್ಲಾಸ್ಟಿಕ್ ಪಟ್ಟಿ ನೋಡಿದ್ದೀರಲ್ಲ, ಎಳೆದಷ್ಟೂ ಟಕಟಕ ಎಂದು ಮುಂದೆ ಹೋಗುತ್ತದೆ, ಸಡಿಲಿಸಲು ಹೋದರೆ ಕತ್ತರಿಯೇ ಬೇಕು. ಖರ್ಚೂ ಹಾಗೆಯೇ.

ಹೋಲಿಕೆಯ ಸುತ್ತಳತೆ ಈಗ ಬೆಳೆದಿದೆ. ಮೊದಲು ಅಕ್ಕಪಕ್ಕದ ನಾಲ್ಕು ಮನೆ ಕಾಣುತ್ತಿದ್ದವು, ಅವರ ಕಷ್ಟವೂ ಕಾಣುತ್ತಿತ್ತು. ಮೊಬೈಲಿನಲ್ಲಿ ಕಾಣುವುದು ನಾಲ್ಕು ಸಾವಿರ ಮನೆಗಳ ಒಳ್ಳೆಯ ದಿನಗಳು ಮಾತ್ರ.

ಒಂದು ವಸ್ತು ಇನ್ನೊಂದನ್ನು ಕರೆತರುವುದು ಏರಿಕೆಯ ಮತ್ತೊಂದು ದಾರಿ. 18ನೇ ಶತಮಾನದ ಫ್ರೆಂಚ್ ಚಿಂತಕ ಡೆನಿಸ್ ಡಿಡೆರೊಗೆ ಸೊಗಸಾದ ಕೆಂಪು ನಿಲುವಂಗಿಯೊಂದು ಬಂತು. ಅದರ ಪಕ್ಕದಲ್ಲಿ ಕೋಣೆಯ ಹಳೆಯ ಕುರ್ಚಿ, ಮೇಜು ಎಲ್ಲ ಮಂಕಾಗಿ ಕಂಡವು. ಒಂದೊಂದನ್ನೇ ಬದಲಿಸುತ್ತ ಹೋದವನು ಕೊನೆಗೆ ಹಳೆಯ ನಿಲುವಂಗಿಗೆ ತಾನು ಒಡೆಯನಾಗಿದ್ದೆ, ಹೊಸದಕ್ಕೆ ಆಳಾದೆ ಎಂದು ಪ್ರಬಂಧವನ್ನೇ ಬರೆದ. 1988ರಲ್ಲಿ ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್‌ಕ್ರಾಕೆನ್ ಈ ಸರಪಳಿಗೆ ‘ಡಿಡೆರೊ ಪರಿಣಾಮ’ ಎಂದು ಹೆಸರಿಟ್ಟರು. ನನ್ನ ನಿಲುವಂಗಿ ಒಂದು ಫೋನು. ಕೊಂಡ ವಾರದಲ್ಲೇ ಕವಚ ಬಂತು, ಹಳೆಯ ಚಾರ್ಜರಿನ ಪಿನ್ನು ಹೊಂದದೆ ಹೊಸ ಚಾರ್ಜರ್ ಬಂತು, ಇಯರ್‌ಫೋನಿಗೆ ತೂತೇ ಇಲ್ಲದ್ದರಿಂದ ವೈರಿಲ್ಲದ ಜೋಡಿ ಬಂತು, ಫೋಟೊ ಇಡಲು ತಿಂಗಳ ಚಂದಾ ಶುರುವಾಯಿತು. ವಸ್ತು ಕೊಳ್ಳುವಾಗ ನೋಡಬೇಕಾದ ಬೆಲೆ ಚೀಟಿಯ ಮೇಲಿದ್ದದ್ದಲ್ಲ, ಅದರ ಪರಿವಾರದ್ದು.

ಚುಚ್ಚದ ದುಡ್ಡು

ಹಣ ಕೊಡುವಾಗ ಒಳಗೆಲ್ಲೋ ಸಣ್ಣಗೆ ಚುಚ್ಚುತ್ತದೆ. ಡ್ರಾಜೆನ್ ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ ಎಂಬ ಸಂಶೋಧಕರು 1998ರಲ್ಲಿ ಈ ‘ಪಾವತಿಯ ನೋವಿನ’ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿದರು. ನೋಟು ಎಣಿಸಿ ಕೊಟ್ಟರೆ ನೋವು ಹೆಚ್ಚು, ಕಾರ್ಡು ಉಜ್ಜಿದರೆ ಕಡಿಮೆ, ತಾನಾಗಿ ಕಡಿತವಾಗುವ ಚಂದಾದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. 2001ರಲ್ಲಿ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳು ಬಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ಟಿಗೆ ತಮ್ಮ ಹರಾಜಿನ ಬೆಲೆಯನ್ನು ಗುಟ್ಟಾಗಿ ಬರೆದುಕೊಟ್ಟರು. ಕಾರ್ಡಿನಲ್ಲಿ ಕೊಡಬೇಕಾದವರು ನಗದು ಕೊಡಬೇಕಾದವರಿಗಿಂತ ಸುಮಾರು ಎರಡು ಪಟ್ಟು ಬರೆದಿದ್ದರು. ಟಿಕೆಟ್ ಅದೇ, ಪಂದ್ಯವೂ ಅದೇ.

ನೋವು ಸುಖಕ್ಕೆ ಅಡ್ಡಿ ಎಂದು ತೋರಬಹುದು. ಆದರೆ ಚಾಲಕನಿಗೆ ವೇಗ ತೋರಿಸುವ ಮುಳ್ಳಿನ ಕೆಲಸವನ್ನು ಅದು ಮಾಡುತ್ತಿರುತ್ತದೆ. ಮುಳ್ಳು ಕಿತ್ತರೆ ಗಾಡಿಯೇನೂ ನಿಧಾನವಾಗುವುದಿಲ್ಲ.

ಕಂತು ಈ ಮುಳ್ಳನ್ನು ಇನ್ನೊಂದು ಬಗೆಯಲ್ಲಿ ಮುಚ್ಚುತ್ತದೆ: ಬೆಲೆ ಕೇಳಿದರೆ ತಿಂಗಳ ಮೊತ್ತ ಹೇಳುತ್ತದೆ. ಕಾರ್ಡಿನ ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂದು ಬರೆದಿರುವುದಂತೂ ಎಲ್ಲಕ್ಕಿಂತ ನಯವಾದ ಸಾಲು. ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಬಾಕಿ 100 ಇದೆ, ಬಡ್ಡಿ ತಿಂಗಳಿಗೆ ಶೇ 3, ಕನಿಷ್ಠ ಪಾವತಿ ಬಾಕಿಯ ಶೇ 5 ಎಂದಿಟ್ಟುಕೊಳ್ಳಿ. ಹೊಸದಾಗಿ ಏನನ್ನೂ ಕೊಳ್ಳುವುದಿಲ್ಲ. ಮೊದಲ ತಿಂಗಳು ಬಡ್ಡಿ ಸೇರಿ 103, ಅದರ ಶೇ 5 ಅಂದರೆ 5.15 ಕಟ್ಟಿದಿರಿ, ಬಾಕಿ 97.85. ಐದಕ್ಕಿಂತ ಹೆಚ್ಚು ಕೊಟ್ಟು ಎರಡು ಚಿಲ್ಲರೆ ಮಾತ್ರ ಇಳಿಯಿತು. ಹೀಗೇ ಶಿಸ್ತಾಗಿ, ಒಂದು ತಿಂಗಳೂ ತಪ್ಪದೆ ಕಟ್ಟುತ್ತ ಹೋದರೆ ಸಾಲ ಅರ್ಧಕ್ಕೆ ಬರಲು 32 ತಿಂಗಳು ಬೇಕು. ಅಷ್ಟರಲ್ಲಿ ನೀವು ಕಟ್ಟಿದ್ದು ಸುಮಾರು 120. ನೂರರ ಸಾಲಕ್ಕೆ ನೂರಿಪ್ಪತ್ತು ಕೊಟ್ಟ ಮೇಲೂ ಐವತ್ತು ಬಾಕಿ! ಏನನ್ನೂ ಕಟ್ಟದಿದ್ದರೆ ಎರಡೇ ವರ್ಷಕ್ಕೆ ಸಾಲ ಇಮ್ಮಡಿ ದಾಟುತ್ತದೆ. ಬಡ್ಡಿಗೂ ಬಡ್ಡಿ ಬೀಳುವ ಚಕ್ರಬಡ್ಡಿಯ ಗುಣ ಇದು. ಉಳಿತಾಯದಲ್ಲಿ ನಮ್ಮ ಪರ ದುಡಿಯುವ ಅದೇ ಚಕ್ರ ಇಲ್ಲಿ ನಮ್ಮ ಮೇಲೆಯೇ ಹರಿಯುತ್ತದೆ.

ಎಲ್ಲ ಸಾಲವೂ ಒಂದೇ ಎಂದಲ್ಲ. ಸಾಲ ತೀರುವ ಹೊತ್ತಿಗೆ ವಸ್ತು ಇನ್ನೂ ಉಪಯೋಗಕ್ಕೆ ಬರುತ್ತಿರುತ್ತದೆಯೇ ಎಂಬುದು ಒಳ್ಳೆಯ ಒರೆಗಲ್ಲು. ಪ್ರೆಲೆಕ್ ಮತ್ತು ಲೋವೆನ್‌ಸ್ಟೈನ್ ತಮ್ಮ ಸಮೀಕ್ಷೆಯಲ್ಲಿ ಪ್ರವಾಸ ಮತ್ತು ಬಟ್ಟೆ ಒಗೆಯುವ ಯಂತ್ರ, ಎರಡರ ಬಗ್ಗೆಯೂ ಕೇಳಿದ್ದರು. ಯಂತ್ರಕ್ಕೆ ಬಳಸುತ್ತ ಬಳಸುತ್ತ ಕಟ್ಟಲು ಜನ ಒಪ್ಪಿದರು. ಪ್ರವಾಸದ ಹಣವನ್ನು ಮಾತ್ರ ಹೊರಡುವ ಮೊದಲೇ ತೀರಿಸಲು ಹೆಚ್ಚಿನವರು ಬಯಸಿದರು. ಮುಗಿದುಹೋದ ಸುಖಕ್ಕೆ ಕಂತು ಕಟ್ಟುವ ಸಂಕಟ ಅವರಿಗೆ ಗೊತ್ತಿತ್ತು.

ಕೊಂಡದ್ದು ಮನಸ್ಸಿಗೆ ಹಳತಾಗುವುದು

ಊದುಬತ್ತಿ ಹಚ್ಚಿದ ಕೋಣೆಗೆ ಕಾಲಿಟ್ಟಾಗ ಪರಿಮಳ ಮೂಗಿಗೆ ಬಡಿಯುತ್ತದೆ. ಹತ್ತು ನಿಮಿಷ ಕೂತರೆ ವಾಸನೆ ಇದೆಯೆಂಬುದೇ ಮರೆತುಹೋಗುತ್ತದೆ. ಕಡ್ಡಿ ಉರಿಯುತ್ತಲೇ ಇದೆ, ಮೂಗು ಮಾತ್ರ ವರದಿ ಮಾಡುವುದನ್ನು ನಿಲ್ಲಿಸಿದೆ. ಬದಲಾಗದೆ ಇರುವುದನ್ನು ಗಮನಿಸುತ್ತ ಕೂರುವುದು ಮೆದುಳಿಗೆ ದಂಡದ ಕೆಲಸ. ಹೊಸ ಸೋಫಾ, ಹೊಸ ಗಾಡಿ, ಹೊಸ ಸಂಬಳ, ಎಲ್ಲದರ ಗತಿ ಇದೇ. 1971ರಲ್ಲಿ ಮನಶ್ಶಾಸ್ತ್ರಜ್ಞರಾದ ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ ಇದನ್ನು ಟ್ರೆಡ್‌ಮಿಲ್‌ಗೆ ಹೋಲಿಸಿದರು. ಓಡುತ್ತಿದ್ದೇವೆ, ಬೆವರುತ್ತಿದ್ದೇವೆ, ಇದ್ದಲ್ಲೇ ಇದ್ದೇವೆ.

ಬ್ರಿಕ್‌ಮನ್ ಮತ್ತು ಸಂಗಡಿಗರು 1978ರಲ್ಲಿ ಲಾಟರಿ ಗೆದ್ದ 22 ಮಂದಿಯನ್ನು ಮಾತಾಡಿಸಿದಾಗ ಅವರು ಸಾಮಾನ್ಯ ಜನರಿಗಿಂತ ಗಮನಾರ್ಹವಾಗಿ ಹೆಚ್ಚು ಸುಖಿಗಳೇನೂ ಆಗಿರಲಿಲ್ಲ. ಮೇಲಾಗಿ, ಸ್ನೇಹಿತರ ಜೊತೆ ಹರಟೆಯಂಥ ದಿನನಿತ್ಯದ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಸಂತೋಷ ಉಳಿದವರಿಗಿಂತ ಕಡಿಮೆಯಾಗಿತ್ತು. ಈ ಅಧ್ಯಯನವನ್ನು ಎತ್ತಿ ಹಿಡಿದು ‘ಹಣದಿಂದ ಏನೂ ಆಗುವುದಿಲ್ಲ’ ಎನ್ನುವವರು ಬಹಳ. ಅದು ಅತಿಯಾಯಿತು. ಇಪ್ಪತ್ತೆರಡು ಜನರಿಂದ ಅಷ್ಟು ದೊಡ್ಡ ತೀರ್ಪು ಹೊರಡದು. ಸ್ವೀಡನ್ನಿನ ಲಾಟರಿ ವಿಜೇತರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಬಹಳ ದೊಡ್ಡ ಅಧ್ಯಯನದಲ್ಲಿ, ಭಾರಿ ಮೊತ್ತ ಗೆದ್ದವರಿಗೆ ಬದುಕಿನ ಬಗೆಗಿನ ತೃಪ್ತಿ ಹೆಚ್ಚಿದ್ದು ಮಾತ್ರವಲ್ಲ, ಹತ್ತು ವರ್ಷ ಕಳೆದ ಮೇಲೂ ಉಳಿದಿತ್ತು. ದಿನದಿನದ ಖುಷಿಯ ಮೇಲಿನ ಪರಿಣಾಮ ಮಾತ್ರ ಅದಕ್ಕಿಂತ ಚಿಕ್ಕದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದಿಷ್ಟು: ‘ನಾಳೆಗೆ ಏನು ಗತಿ’ ಎಂಬ ಚಿಂತೆಯನ್ನು ಹಣ ನಿಜವಾಗಿ ಕಳೆಯುತ್ತದೆ. ಇವತ್ತಿನ ಸಂಜೆಯನ್ನು ಸವಿಯುವ ಕೆಲಸವನ್ನು ಅದು ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಹಳತಾದದ್ದು ಮತ್ತೆ ಹೊಸದಾಗುವ ಬಗೆ

ಊದುಬತ್ತಿಯ ಕೋಣೆಯಿಂದ ಹೊರಗೆ ಹೋಗಿ ಐದು ನಿಮಿಷ ಬಿಟ್ಟು ಬನ್ನಿ, ಪರಿಮಳ ಮತ್ತೆ ಬಡಿಯುತ್ತದೆ. ವಸ್ತುಗಳ ವಿಷಯದಲ್ಲೂ ಬಿಡುವು ಹೀಗೇ ಕೆಲಸ ಮಾಡುತ್ತದೆ. ಲೀಫ್ ನೆಲ್ಸನ್ ಮತ್ತು ಟಾಮ್ ಮೇವಿಸ್ 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಮಸಾಜ್‌ನಂಥ ಹಿತವಾದ ಅನುಭವವನ್ನು ನಡುವೆ ನಿಲ್ಲಿಸಿ ಮುಂದುವರಿಸಿದಾಗ ಜನರಿಗೆ ಸಿಕ್ಕ ಆನಂದ, ನಿಲ್ಲಿಸದೆ ಕೊಟ್ಟಾಗಿನದಕ್ಕಿಂತ ಹೆಚ್ಚು. ತಮಾಷೆಯೆಂದರೆ, ಮೊದಲೇ ಕೇಳಿದರೆ ಹೆಚ್ಚಿನವರು ಬಿಡುವು ಬೇಡವೆನ್ನುತ್ತಿದ್ದರು. 2013ರಲ್ಲಿ ಜೋರ್ಡಿ ಕ್ವೊಯ್ಡ್‌ಬಾಕ್ ಮತ್ತು ಎಲಿಜಬೆತ್ ಡನ್ ಕೆಲವರಿಗೆ ಒಂದು ವಾರ ಚಾಕೊಲೇಟ್ ಮುಟ್ಟಬೇಡಿ ಎಂದರು, ಕೆಲವರಿಗೆ ಚೀಲಗಟ್ಟಲೆ ಕೊಟ್ಟರು. ವಾರದ ಕೊನೆಗೆ ಎಲ್ಲರಿಗೂ ಒಂದೊಂದು ತುಂಡು ಕೊಟ್ಟಾಗ ಹೆಚ್ಚು ಸವಿದವರು ಬಿಟ್ಟು ಕೂತವರೇ.

ಅಂದರೆ ಹಿತಮಿತ ಎಂಬುದಕ್ಕೆ ತ್ಯಾಗದ ಮುಖ ಮಾತ್ರ ಇಲ್ಲ. ಪ್ರತಿದಿನದ್ದನ್ನು ವಾರಕ್ಕೊಮ್ಮೆ ಮಾಡಿದರೆ ಖರ್ಚು ಏಳರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ, ಸುಖ ಮಾತ್ರ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ. ವಾರವಿಡೀ ಕಾಯುವುದರಲ್ಲೂ ಒಂದು ರುಚಿಯಿದೆ, ಅದಕ್ಕೆ ಬಿಲ್ಲು ಬರುವುದಿಲ್ಲ.

ಗಮನ ಕೊಡುವುದು ಇನ್ನೊಂದು ದಾರಿ. ಹೊಸ ಶಾಯಿ ಪೆನ್ನೊಂದನ್ನು ಕೊಳ್ಳಬೇಕೆಂದು ಎರಡು ವಾರ ಚಿತ್ರ ನೋಡುತ್ತಿದ್ದೆ. ಮೇಜಿನ ಖಾನೆಯಲ್ಲಿ ಏನೋ ಹುಡುಕುವಾಗ ಹಳೆಯದೊಂದು ಸಿಕ್ಕಿತು, ಶಾಯಿ ಒಣಗಿ ನಿಬ್ಬಿನ ಸೀಳು ಕಟ್ಟಿಕೊಂಡಿತ್ತು. ರಾತ್ರಿ ನೀರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಲೋಟದ ತಳದಲ್ಲಿ ನೀಲಿ ಹೊಗೆಯಂತೆ ಶಾಯಿ ಬಿಟ್ಟುಕೊಂಡಿತ್ತು. ಮೂರು ಸಲ ನೀರು ಬದಲಿಸಿ, ಬಟ್ಟೆಯಲ್ಲಿ ಒತ್ತಿ, ಹೊಸ ಶಾಯಿ ತುಂಬಿ ಗೀಚಿದೆ. ಎರಡು ಸಲ ತಡವರಿಸಿ ಮೂರನೆಯ ಗೆರೆ ಸಲೀಸಾಗಿ ಬಂತು. ಹೊಸದನ್ನು ತರಿಸಿದ್ದರೆ ಪೊಟ್ಟಣ ಬಿಚ್ಚುವ ಸಂತೋಷ ಸಿಗುತ್ತಿತ್ತು, ಇಷ್ಟು ಹೊತ್ತಿನ ಸಂತೋಷ ಸಿಗುತ್ತಿರಲಿಲ್ಲ. ಹೊಲಿದ, ಒರೆಸಿದ, ಎಣ್ಣೆ ಬಿಟ್ಟ ವಸ್ತು ಕೈಗೆ ಹತ್ತಿರವಾಗುತ್ತದೆ. ಎಲ್ಲವನ್ನೂ ರಿಪೇರಿ ಮಾಡುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ, ಅದೂ ನಿಜ.

ಈ ಲೆಕ್ಕ ನಡೆಯದ ಕಡೆ

ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ಕುಟುಂಬಗಳ ಖರ್ಚಿನ ಲೆಕ್ಕ ಬಿಡಿಸಿ ಒಂದು ಸಂಗತಿ ತೋರಿಸಿಕೊಟ್ಟ: ಕುಟುಂಬ ಬಡವಾದಷ್ಟೂ ವರಮಾನದಲ್ಲಿ ಆಹಾರಕ್ಕೆ ಹೋಗುವ ಪಾಲು ದೊಡ್ಡದು. ಹಾಗಾಗಿ ಕತ್ತರಿಸಲು ಸಿಗುವ ಜಾಗ ಎಲ್ಲರಿಗೂ ಒಂದೇ ಅಲ್ಲ. ಊಟ, ಸೂರು, ಔಷಧಿಗೇ ವರಮಾನ ಸಾಲದವರಿಗೆ ಮಿತವ್ಯಯದ ಪಾಠ ಹೇಳುವುದು ಹಾಸಿಗೆಯೇ ಇಲ್ಲದವನಿಗೆ ಕಾಲು ಮಡಿಸು ಎಂದಂತೆ. ಅವರಿಗೆ ಬೇಕಾದದ್ದು ಹೆಚ್ಚಿನ ವರಮಾನ, ನೆರವು, ಬಡ್ಡಿ ಕಡಿಮೆಯಾಗುವಂತೆ ಸಾಲವನ್ನು ಮರುಹೊಂದಿಸಿಕೊಳ್ಳುವ ದಾರಿ. ಮುಂದಿನ ಮಾತು ಸ್ವಲ್ಪವಾದರೂ ಆಯ್ಕೆ ಇರುವವರಿಗೆ.

ಕತ್ತರಿ ಎಲ್ಲಿ ಹಾಕುವುದು?

ಸಾಮಾನ್ಯವಾಗಿ ನಾವು ಕಣ್ಣಿಗೆ ಕಾಣುವ ಸುಖಕ್ಕೇ ಮೊದಲು ಕೈ ಹಾಕುತ್ತೇವೆ. ತಿಂಗಳಿಗೊಮ್ಮೆ ಗೆಳೆಯರ ಜೊತೆ ಹೊರಗೆ ಹೋಗುವುದು, ಮಗುವಿನ ಚಿತ್ರಕಲೆಯ ತರಗತಿ. ಎರಡು ತಿಂಗಳು ಬಿಗಿಹಿಡಿದು ಮೂರನೆಯ ತಿಂಗಳು ಕಟ್ಟು ಹರಿದುಕೊಂಡು ಹೋಗುತ್ತದೆ. ಹಿಂದೆ ಹೇಳಿದ ಎರಡು ಸಂಗತಿಗಳನ್ನು ಕೂಡಿಸಿದರೆ ಬೇರೆ ದಾರಿ ಕಾಣುತ್ತದೆ. ಮನಸ್ಸು ಗಮನಿಸುವುದನ್ನು ಬಿಟ್ಟ ಖರ್ಚು ಸುಖ ಕೊಡುವುದನ್ನೂ ಬಿಟ್ಟಿರುತ್ತದೆ. ಚುಚ್ಚದ ದುಡ್ಡು ಸದ್ದಿಲ್ಲದೆ ಸೋರುತ್ತಿರುತ್ತದೆ. ಸುಖ ಬತ್ತಿದರೂ ದುಡ್ಡು ಹರಿಯುತ್ತಲೇ ಇರುವ ಕಡೆ ಕತ್ತರಿ ಹಾಕಿದರೆ ನೋವಾಗುವುದಿಲ್ಲ.

ಅಂಥ ಜಾಗ ಹುಡುಕಲು ಮೂರು ತಿಂಗಳ ಬ್ಯಾಂಕ್ ಹೇಳಿಕೆ ಮತ್ತು ಒಂದು ಪೆನ್ಸಿಲ್ ಬೇಕು. ಸಾಲು ಸಾಲಾಗಿ ಓದುತ್ತ, ‘ಇದು ನೆನಪಿದೆಯೇ?’ ಎಂದು ಮಾತ್ರ ಕೇಳಿಕೊಳ್ಳಿ. ಬೇಕಿತ್ತೋ ಬೇಡವೋ ಎಂಬ ಪ್ರಶ್ನೆಗೆ ಇಳಿಯಬೇಡಿ, ಅಲ್ಲಿ ಮನಸ್ಸು ವಕೀಲಿಕೆ ಶುರು ಮಾಡುತ್ತದೆ. ನೆನೆದು ಮುಖ ಅರಳಿದ ಸಾಲನ್ನು ಹಾಗೇ ಬಿಡಿ. ಏನೆಂದೇ ನೆನಪಾಗದ ಸಾಲಿಗೆ ಗುರುತು ಹಾಕಿ. ಉಳಿಸಬೇಕಾದ ಮೊತ್ತವನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ತಾನಾಗಿ ಹೋಗುವಂತೆ ಮಾಡಿದರೆ, ಚಂದಾಗಳು ನಮ್ಮ ಮೇಲೆ ಪ್ರಯೋಗಿಸುವ ತಂತ್ರವನ್ನೇ ನಾವು ತಿರುಗಿಸಿ ಬಳಸಿದ ಹಾಗಾಗುತ್ತದೆ.

ನಾನು ಗುರುತು ಹಾಕಿದ್ದು 11 ಸಾಲು. ಅವುಗಳಲ್ಲಿ 3 ಒಂದೇ ಚಂದಾ, ಮೂರು ತಿಂಗಳಿನದು. ಸಿನಿಮಾ ನೋಡಲೆಂದು ಎರಡು ವರ್ಷದ ಹಿಂದೆ ತೆಗೆದುಕೊಂಡದ್ದು, ಗುಪ್ತಪದವೂ ಮರೆತುಹೋಗಿತ್ತು. ರದ್ದು ಮಾಡಲು ಮೊದಲು ಗುಪ್ತಪದ ಬದಲಿಸಬೇಕಾಯಿತು. ಆರು ತಿಂಗಳಾಯಿತು, ಮನೆಯಲ್ಲಿ ಇನ್ನೂ ಯಾರೂ ಅದನ್ನು ಕೇಳಿಲ್ಲ.